ಸ್ಕ್ಯಾನ್ ಸರಿಯಿದ್ದರೂ ತಲೆನೋವು ಸುಳ್ಳಲ್ಲ

ಕಳೆದ ತಿಂಗಳು ತಾಯಿಯೊಬ್ಬರು ತನ್ನ ಮಗನನ್ನು ಕರೆದುಕೊಂಡು ನನ್ನ ಕ್ಲಿನಿಕ್‌ಗೆ ಬಂದಿದ್ದರು. ಹುಡುಗನಿಗೆ 26 ವರ್ಷ, ಟೈಲ್ಸ್ ಹಾಕುವ ಕೆಲಸ. ನಾಲ್ಕು ತಿಂಗಳ ಹಿಂದೆ ಮಳೆಯಲ್ಲಿ ಬೈಕ್ ಜಾರಿ ಬಿದ್ದಿದ್ದ. ಎರಡು ದಿನ ಆಸ್ಪತ್ರೆಯಲ್ಲಿಟ್ಟು, ಸ್ಕ್ಯಾನ್ ಮಾಡಿ, ಏನೂ ತೊಂದರೆಯಿಲ್ಲವೆಂದು ಮನೆಗೆ ಕಳುಹಿಸಿದ್ದರು. "ಎಲ್ಲ ನಾರ್ಮಲ್ ಅಂತ ಬರೆದು ಕೊಟ್ಟಿದ್ದಾರೆ ಡಾಕ್ಟ್ರೇ. ಆದರೂ ಇವನು ತಲೆನೋವು, ತಲೆನೋವು ಅಂತ ಮಲಗಿಯೇ ಇರ್ತಾನೆ. ಕೆಲಸಕ್ಕೆ ಹೋಗಲು ಮನಸ್ಸಿಲ್ಲ, ಅಷ್ಟೇ" ಎಂದರು ತಾಯಿ. ಮಗ ಒಂದು ಮಾತೂ ಆಡಲಿಲ್ಲ. ಟ್ಯೂಬ್‌ಲೈಟಿಗೆ ಬೆನ್ನು ಹಾಕಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ಕುಳಿತಿದ್ದ. ಹೊರಗೆ ಯಾರದೋ ಸ್ಕೂಟರ್ ಹಾರ್ನ್ ಹೊಡೆದಾಗ ಅವನ ಮುಖ ಹಿಂಡಿದಂತಾಯಿತು.

ಸೋಮಾರಿಗೆ ಬೆಳಕು ಚುಚ್ಚುವುದಿಲ್ಲ, ಹಾರ್ನ್ ಕೇಳಿ ಮುಖ ಹಿಂಡುವುದಿಲ್ಲ. ಅವನಿಗಿದ್ದದ್ದು ತಲೆಗೆ ಪೆಟ್ಟು ಬಿದ್ದ ಮೇಲೆ ಬರುವ ತಲೆನೋವು. ಅದೂ ಅರೆತಲೆನೋವಿನ ಅಂದರೆ ಮೈಗ್ರೇನ್‌ನ ರೂಪದಲ್ಲಿ ಬಂದದ್ದು. ಇದು ಹೆಸರಿರುವ, ಲಕ್ಷಣಗಳಿರುವ, ಚಿಕಿತ್ಸೆಯಿರುವ ಕಾಯಿಲೆ.

ಇಷ್ಟು ವರ್ಷಗಳ ಅನುಭವದಲ್ಲಿ ನನಗೆ ಕಂಡ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ತಲೆಗೆ ಪೆಟ್ಟಾದಾಗ ನಮ್ಮ ಮನೆಗಳಲ್ಲಿ ಎರಡು ತಪ್ಪುಗಳಾಗುತ್ತವೆ. ಮೊದಲ ಮೂರು ದಿನ ಹೆದರಬೇಕಾದಾಗ ಹೆದರುವುದಿಲ್ಲ. ಮೂರು ತಿಂಗಳಾದ ಮೇಲೆ ನಂಬಬೇಕಾದಾಗ ನಂಬುವುದಿಲ್ಲ. ಈ ಎರಡೂ ತಪ್ಪುಗಳ ಮೂಲ ಒಂದೇ. ನಾವು ಕೇಳುವುದಿಲ್ಲ, ಕೇಳಿದರೂ ಉತ್ತರವನ್ನು ನಂಬುವುದಿಲ್ಲ.

ನಾನು ಕೇಳದೆ ಹೋದ ಪ್ರಶ್ನೆ

ಇತರರ ತಪ್ಪು ಹೇಳುವ ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ. ಯುನಾನಿ ಪದವಿ ಮುಗಿಸಿ ಕ್ಲಿನಿಕ್ ತೆರೆದ ಹೊಸತು. 70 ದಾಟಿದ ಹಿರಿಯರೊಬ್ಬರು ಬಂದರು. ಎರಡು ವಾರದಿಂದ ತಲೆ ಭಾರ, ಮಂಕು, ಬೆಳಗ್ಗೆ ನೋವು ಹೆಚ್ಚು ಎಂದರು. ನಾನು ನಬ್ಝ್ ನೋಡಿದೆ, ನಾಲಿಗೆ ನೋಡಿದೆ, ಇದು ಬಲ್ಗಮ್ ಹೆಚ್ಚಾಗಿ ಬಂದ ತಲೆನೋವು ಎಂದು ತೀರ್ಮಾನಿಸಿ ಇತ್ರೀಫಲ್ ಕೊಟ್ಟು, ಹಚ್ಚಲು ಎಣ್ಣೆ ಕೊಟ್ಟು ಕಳುಹಿಸಿದೆ. ಹತ್ತು ದಿನ ಕಳೆದು ಅವರ ಸೊಸೆ ಬಂದು, "ಮಾವ ಆಸ್ಪತ್ರೆಯಲ್ಲಿದ್ದಾರೆ, ತಲೆಯೊಳಗೆ ರಕ್ತ ನಿಂತಿದೆಯಂತೆ" ಎಂದರು. ಐದು ವಾರದ ಹಿಂದೆ ಮಸೀದಿಯ ವುಝೂ ಮಾಡುವಲ್ಲಿ ಜಾರಿ ಬಿದ್ದು ತಲೆಯ ಹಿಂಭಾಗ ಮೆಟ್ಟಿಲಿಗೆ ತಾಗಿತ್ತು. ರಕ್ತ ಬಂದಿರಲಿಲ್ಲ, ಹಾಗಾಗಿ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಬುರುಡೆಗೆ ಸಣ್ಣ ರಂಧ್ರ ಮಾಡಿ ರಕ್ತ ತೆಗೆದರು. ಅಲ್ಹಮ್ದುಲಿಲ್ಲಾಹ್, ಅವರು ನಡೆದುಕೊಂಡೇ ಮನೆಗೆ ಬಂದರು.

"ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದಿರಾ?" ಎಂದು ನಾನು ಒಂದು ಮಾತು ಕೇಳಿದ್ದರೆ ಆ ಹತ್ತು ದಿನ ವ್ಯರ್ಥವಾಗುತ್ತಿರಲಿಲ್ಲ. ಅಂದಿನಿಂದ ತಲೆನೋವೆಂದು ಬಂದ ಯಾರಿಗೂ ಈ ಪ್ರಶ್ನೆ ಕೇಳದೆ ನಾನು ನಬ್ಝ್ ಹಿಡಿಯುವುದಿಲ್ಲ.

ಅಬೂ ದಾವೂದ್‌ರ ಹದೀಸ್ ಸಂಗ್ರಹದಲ್ಲಿ ವರದಿಯಾಗಿರುವ ಒಂದು ಪ್ರಸಂಗ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಪ್ರಯಾಣದಲ್ಲಿದ್ದ ಒಬ್ಬರಿಗೆ ಕಲ್ಲು ತಾಗಿ ತಲೆಗೆ ಗಾಯವಾಯಿತು. ಬಳಿಕ ಅವರಿಗೆ ಸ್ನಾನ ಕಡ್ಡಾಯವಾಗುವ ಸಂದರ್ಭ ಬಂತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರು ಇರುವಾಗ ಆ ರಿಯಾಯಿತಿ ಇಲ್ಲವೆಂದು ಅವರು ಹೇಳಿಬಿಟ್ಟರು. ಗಾಯಾಳು ಸ್ನಾನ ಮಾಡಿದರು ಮತ್ತು ತೀರಿಕೊಂಡರು. ವಿಷಯ ತಿಳಿದ ಪ್ರವಾದಿಯವರು(ಸ) ಹಾಗೆ ತೀರ್ಪು ಕೊಟ್ಟವರ ಬಗ್ಗೆ ಬಹಳ ಕಠಿಣವಾಗಿ ಮಾತನಾಡಿದರು. ಗೊತ್ತಿಲ್ಲದಿದ್ದರೆ ಕೇಳಿ ತಿಳಿಯಬೇಕಿತ್ತೆಂದು ಹೇಳಿದರು. ತಲೆಗೆ ಪೆಟ್ಟಾದವನ ವಿಷಯದಲ್ಲಿ ತಿಳಿಯದೆ ಸಲಹೆ ಕೊಡುವ ನಮಗೆಲ್ಲರಿಗೂ, ವೈದ್ಯಳಾದ ನನಗೂ, ಇದು ಎಚ್ಚರಿಕೆ.

ಮೊದಲ ಮೂರು ದಿನ: ನನ್ನ ಬಳಿ ಬರಬೇಡಿ

ಯುನಾನಿ ವೈದ್ಯಳೇ ಹೀಗೆ ಹೇಳುವುದು ವಿಚಿತ್ರವೆನಿಸಬಹುದು. ಆದರೂ ಹೇಳುತ್ತೇನೆ. ತಲೆಗೆ ಪೆಟ್ಟು ಬಿದ್ದ ದಿನ ನನ್ನ ಬಳಿಗೂ ಬರಬೇಡಿ, ಎಣ್ಣೆ ತಿಕ್ಕುವವರ ಬಳಿಗೂ ಹೋಗಬೇಡಿ, ಹಿಜಾಮಾ ಮಾಡುವವರ ಬಳಿಗೂ ಹೋಗಬೇಡಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ.

ಬುರುಡೆಯೊಳಗೆ ರಕ್ತಸ್ರಾವವಾದರೆ ಅದು ಕೂಡಲೇ ಗೊತ್ತಾಗಬೇಕೆಂದಿಲ್ಲ. ಬಿದ್ದವನು ಎದ್ದು ಕುಳಿತು, ಚಹಾ ಕುಡಿದು, ಮಾತಾಡಿ, ಕೆಲವು ಗಂಟೆಗಳ ಬಳಿಕ ಪ್ರಜ್ಞೆ ತಪ್ಪಿದ್ದನ್ನು ನಾವು ವೈದ್ಯರು ಕಂಡಿದ್ದೇವೆ. ಮುದುಕರಲ್ಲಂತೂ ನಾನು ಮೇಲೆ ಹೇಳಿದಂತೆ ವಾರಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಕೆಳಗಿನವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ:

ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದು ಅಥವಾ ನಡೆದದ್ದು ನೆನಪಿಲ್ಲದಿರುವುದು.
ಮತ್ತೆ ಮತ್ತೆ ವಾಂತಿ.
ಗಂಟೆ ಕಳೆದಂತೆ ಹೆಚ್ಚುತ್ತಲೇ ಹೋಗುವ ತಲೆನೋವು.
ಎಬ್ಬಿಸಿದರೂ ಏಳದ ಮಂಪರು, ಗೊಂದಲದ ಮಾತು, ತೊದಲು.
ಕೈ ಅಥವಾ ಕಾಲು ಸೋಲುವುದು, ಜೋಮು ಹಿಡಿಯುವುದು, ಸೆಳೆತ.
ಒಂದು ಕಣ್ಣಿನ ಪಾಪೆ ದೊಡ್ಡದು, ಇನ್ನೊಂದು ಚಿಕ್ಕದು.
ಮೂಗಿನಿಂದ ಅಥವಾ ಕಿವಿಯಿಂದ ರಕ್ತ ಇಲ್ಲವೇ ನೀರಿನಂಥ ದ್ರವ.
ಕೈಗೂಸಾದರೆ ಹಾಲು ಕುಡಿಯದಿರುವುದು, ನಿಲ್ಲಿಸದ ಅಳು, ನೆತ್ತಿಯ ಮೆತ್ತಗಿನ ಜಾಗ ಉಬ್ಬುವುದು.

65 ದಾಟಿದವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಇವು ಯಾವುವೂ ಇಲ್ಲದಿದ್ದರೂ ಒಮ್ಮೆ ತೋರಿಸಿಕೊಳ್ಳಲೇಬೇಕು. ಮೊದಲ ಎರಡು ದಿನ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು. ನೋವು ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ಸಾಕು. ಆದರೆ ವೈದ್ಯರು ಈಗಾಗಲೇ ಹೃದಯಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಪೊಲೀಸ್ ಕೇಸಿನ ಹೆದರಿಕೆಯಿಂದ ಹಿಂಜರಿಯುವವರು ಇದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಹಾಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಕುತ್ತಿಗೆಯನ್ನು ಅಲುಗಾಡಿಸದಂತೆ ಎಚ್ಚರ ವಹಿಸಿ ಆಸ್ಪತ್ರೆಗೆ ಮುಟ್ಟಿಸಿ.

ಇದರಲ್ಲಿ ನಮ್ಮ ಯುನಾನಿ ಪರಂಪರೆಗೆ ಅವಮಾನವೇನೂ ಇಲ್ಲ. ಸಾವಿರ ವರ್ಷಗಳ ಹಿಂದೆ ಕಾರ್ಡೋಬಾದ ಅಲ್ ಝಹ್ರಾವಿ ತನ್ನ 'ಅತ್ತಸ್ರೀಫ್' ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಒಡೆದ ಬುರುಡೆಯ ಬಗ್ಗೆ ಬರೆದಿದ್ದಾರೆ. ಆ ಕೆಲಸಕ್ಕೆ ಬೇಕಾದ ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದಾರೆ. ಶಸ್ತ್ರ ಬೇಕಾದಲ್ಲಿ ಎಣ್ಣೆ ಹಚ್ಚಿ ಕುಳಿತವರು ನಮ್ಮ ಹಿರಿಯರಲ್ಲ.

ಸ್ಕ್ಯಾನ್ ಏನು ನೋಡುತ್ತದೆ, ಏನು ನೋಡುವುದಿಲ್ಲ

ಇನ್ನು ಎರಡನೆಯ ತಪ್ಪಿಗೆ ಬರೋಣ. ಸಿ.ಟಿ. ಸ್ಕ್ಯಾನ್ ನೋಡುವುದು ಎಲುಬು ಒಡೆದಿದೆಯೇ, ರಕ್ತ ನಿಂತಿದೆಯೇ, ಮಿದುಳು ಊದಿದೆಯೇ ಎಂಬುದನ್ನು. ಪ್ರಾಣಾಪಾಯ ಇಲ್ಲವೆಂದು ತಿಳಿಯಲು ಅದು ಅಗತ್ಯ. ಆದರೆ ಪೆಟ್ಟಿನ ಕುಲುಕಾಟಕ್ಕೆ ನರಗಳ ಕೆಲಸ ಏರುಪೇರಾದರೆ ಅದು ಆ ಚಿತ್ರದಲ್ಲಿ ಮೂಡುವುದಿಲ್ಲ. 'ನಾರ್ಮಲ್' ಎಂದು ಬರೆದ ರಿಪೋರ್ಟಿಗೆ ಅಪಾಯದ ಗಾಯ ಕಾಣಲಿಲ್ಲ ಎಂದಷ್ಟೇ ಅರ್ಥ. ನೋವೇ ಇಲ್ಲ ಎಂದು ಅರ್ಥವಲ್ಲ.

ಮಿದುಳಿನ ತಿರುಳಿಗೆ ನೋವು ಗೊತ್ತಾಗುವುದಿಲ್ಲ. ಅದರ ಹೊದಿಕೆಗೆ, ರಕ್ತನಾಳಗಳಿಗೆ, ಮುಖ ಮತ್ತು ಕುತ್ತಿಗೆಯಿಂದ ಬರುವ ನರಗಳಿಗೆ ಗೊತ್ತಾಗುತ್ತದೆ. ಪೆಟ್ಟಿನ ಬಳಿಕ ಈ ನರಗಳು ಅತಿ ಸೂಕ್ಷ್ಮವಾಗುತ್ತವೆ. ಆಗ ಮೊದಲು ನೋಯದಿದ್ದ ಬೆಳಕು, ಸದ್ದು, ವಾಸನೆ ಎಲ್ಲವೂ ನೋವಾಗುತ್ತದೆ. ಪೆಟ್ಟು ಸಣ್ಣದಿದ್ದರೂ ಹೀಗಾಗಬಹುದು.

ತಲೆನೋವು ತಜ್ಞರ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. ಪೆಟ್ಟು ಬಿದ್ದ ಅಥವಾ ಪ್ರಜ್ಞೆ ಮರಳಿದ 7 ದಿನಗಳೊಳಗೆ ಆರಂಭವಾದ ತಲೆನೋವನ್ನು ಪೆಟ್ಟಿನಿಂದ ಬಂದದ್ದೆಂದು ಪರಿಗಣಿಸುತ್ತಾರೆ. 3 ತಿಂಗಳು ದಾಟಿದರೆ ಅದು ದೀರ್ಘಕಾಲದ್ದು. ಹೆಚ್ಚಿನವರಿಗೆ ಆ 3 ತಿಂಗಳೊಳಗೇ ಕಡಿಮೆಯಾಗುತ್ತದೆ. ಮೊದಲೇ ಮೈಗ್ರೇನ್ ಇದ್ದವರಿಗೆ, ಹೆಂಗಸರಿಗೆ, ಚಿಂತೆ ಖಿನ್ನತೆಯಿಂದ ಬಳಲುವವರಿಗೆ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು.

ಎಲ್ಲರ ನೋವೂ ಒಂದೇ ತರಹವಲ್ಲ. ಕೆಲವರಿಗೆ ತಲೆಗೆ ಪಟ್ಟಿ ಬಿಗಿದಂತೆ ಎರಡೂ ಬದಿ ಅದುಮುತ್ತದೆ. ಕೆಲವರಿಗೆ ಕುತ್ತಿಗೆಯಿಂದ ಹೊರಟು ಹಣೆಗೆ ಬರುತ್ತದೆ; ಬಿದ್ದಾಗ ಕುತ್ತಿಗೆ ಉಳುಕಿದ್ದರೆ ಹೀಗಾಗುತ್ತದೆ, ಇವರಿಗೆ ಫಿಸಿಯೋಥೆರಪಿಯಿಂದ ಪ್ರಯೋಜನವಿದೆ. ಇನ್ನು ಹಲವರಿಗೆ ಮೈಗ್ರೇನ್‌ನಂತೆಯೇ ಒಂದು ಬದಿ ಮಿಡಿಯುತ್ತದೆ, ವಾಕರಿಕೆ ಬರುತ್ತದೆ, ಬೆಳಕು ಸದ್ದು ಬೇಡವೆನಿಸುತ್ತದೆ, ಮೆಟ್ಟಿಲು ಹತ್ತಿದರೆ ಹೆಚ್ಚಾಗುತ್ತದೆ. ಮದ್ದು ಕೊಡದಿದ್ದರೆ ಮೈಗ್ರೇನ್ 4 ಗಂಟೆಯಿಂದ 72 ಗಂಟೆಯ ತನಕ ಇರಬಹುದು. ಯುನಾನಿಯಲ್ಲಿ ಇದಕ್ಕೆ 'ಶಖೀಕಾ' ಎನ್ನುತ್ತೇವೆ. ಆ ಪದದಲ್ಲಿರುವುದು ಅರ್ಧ, ಸೀಳು ಎಂಬ ಅರ್ಥ. ಮೈಗ್ರೇನ್ ಎಂಬುದರ ಮೂಲವಾದ ಗ್ರೀಕ್ ಪದದ ಅರ್ಥವೂ ಅರ್ಧ ಬುರುಡೆ. ನಮ್ಮ ಅಜ್ಜಿಯರು ಅರೆತಲೆನೋವು ಎಂದರು. ಮೂರು ಭಾಷೆಯವರೂ ರೋಗಿಯ ಮಾತು ಕೇಳಿಯೇ ಹೆಸರಿಟ್ಟಿದ್ದಾರೆ. ಅವರ ಬಳಿ ಸ್ಕ್ಯಾನ್ ಇರಲಿಲ್ಲ.

ಕೇವಲ ತಲೆನೋವಲ್ಲ, ಜೊತೆಗೆ ಮರೆವು, ಸಿಡುಕು, ನಿದ್ದೆಗೇಡು, ತಲೆಸುತ್ತು, ಓದಿದ್ದು ತಲೆಗೆ ಹತ್ತದಿರುವುದು ಕೂಡ ಇರುತ್ತದೆ. "ಬಿದ್ದ ಮೇಲೆ ಇವರ ಸ್ವಭಾವವೇ ಬದಲಾಗಿದೆ" ಎಂದು ಹೆಂಡತಿಯರು ಹೇಳುವುದುಂಟು. ಇದನ್ನು ನೋಡಿ ಜಿನ್ನ್ ಬಾಧೆ, ಸಿಹ್ರ್ ಎಂದು ಊರೂರು ಸುತ್ತಿ, ಸಾಲ ಮಾಡಿ ಊದಿಸಿಕೊಂಡು ಬಂದವರನ್ನು ನಾನು ಬಲ್ಲೆ. ದುಆ ಬೇಡವೆಂದು ನಾನು ಹೇಳುವುದಿಲ್ಲ. ನಾನೂ ನನ್ನ ರೋಗಿಗಳಿಗಾಗಿ ಮಾಡುತ್ತೇನೆ. ಆದರೆ ದುಆಕ್ಕೆ ದರಪಟ್ಟಿ ಇರುವುದಿಲ್ಲ. ಚಿಕಿತ್ಸೆ ನಿಲ್ಲಿಸಿ ಎಂದು ಹೇಳುವವನ ಬಳಿಯಿಂದ ಎದ್ದು ಬನ್ನಿ.

ಮಾತ್ರೆಯೇ ತಲೆನೋವಾದಾಗ

ಆ ಟೈಲ್ಸ್ ಕೆಲಸದ ಹುಡುಗನಿಗೆ ನಾನು ಕೇಳಿದ ಎರಡನೆಯ ಪ್ರಶ್ನೆ, ಮಾತ್ರೆ ಎಷ್ಟು ತಿನ್ನುತ್ತೀ ಎಂಬುದು. ಅವನು ಜೇಬಿನಿಂದ ಮೆಡಿಕಲ್ ಶಾಪಿನ ಪಟ್ಟಿಯನ್ನೇ ತೆಗೆದ. ದಿನಕ್ಕೆ ಎರಡು, ಕೆಲವೊಮ್ಮೆ ಮೂರು. ತಿಂಗಳಲ್ಲಿ ಮಾತ್ರೆ ತಿನ್ನದ ದಿನಗಳು ಎಂಟೋ ಒಂಬತ್ತೋ.

ಇದು ಬಹಳ ಮಂದಿಗೆ ಗೊತ್ತಿಲ್ಲದ ವಿಷಯ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಎರಡು ಮೂರು ಔಷಧ ಬೆರೆಸಿದ ಮಾತ್ರೆಯನ್ನು ಅಥವಾ ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಮಾತ್ರೆಯನ್ನು 10 ಅಥವಾ ಹೆಚ್ಚು ದಿನ, ಹೀಗೆ 3 ತಿಂಗಳಿಗಿಂತ ಹೆಚ್ಚು ಕಾಲ ತಿಂದರೆ ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸುತ್ತದೆ. ಬೆಳಗ್ಗೆ ಎದ್ದಾಗಲೇ ನೋವು, ಮಾತ್ರೆ ತಿಂದರೆ ಸ್ವಲ್ಪ ಕಡಿಮೆ, ಮಧ್ಯಾಹ್ನಕ್ಕೆ ಮತ್ತೆ ನೋವು. ಪೆಟ್ಟು ಮಾಸಿರುತ್ತದೆ, ಮಾತ್ರೆಯ ನೋವು ಉಳಿದಿರುತ್ತದೆ. ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿ: ನೋವಿದ್ದ ದಿನಕ್ಕೆ ಒಂದು, ಮಾತ್ರೆ ತಿಂದ ದಿನಕ್ಕೆ ಇನ್ನೊಂದು. ವೈದ್ಯರ ಬಳಿ ಹೋಗುವಾಗ ಆ ಕ್ಯಾಲೆಂಡರ್ ತೆಗೆದುಕೊಂಡು ಹೋಗಿ. ಎಷ್ಟೋ ಪರೀಕ್ಷೆಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ನೋವು ಪದೇ ಪದೇ ಬರುತ್ತಿದ್ದರೆ ಅದನ್ನು ಬರದಂತೆ ತಡೆಯುವ ಔಷಧಗಳಿವೆ. ಅಮಿಟ್ರಿಪ್ಟಿಲಿನ್, ಪ್ರೊಪ್ರನೊಲಾಲ್ ಮೊದಲಾದವುಗಳನ್ನು ನರರೋಗ ತಜ್ಞರು ಸಣ್ಣ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಫಲ ಕಾಣಲು ವಾರಗಳೇ ಬೇಕು. "ಇದು ಖಿನ್ನತೆಯ ಮಾತ್ರೆಯಂತೆ, ನನಗೇನು ಹುಚ್ಚೇ?" ಎಂದು ಎಸೆಯಬೇಡಿ, ಒಂದೇ ಔಷಧ ಬೇರೆ ಪ್ರಮಾಣದಲ್ಲಿ ಬೇರೆ ಕೆಲಸ ಮಾಡುತ್ತದೆ. ಉಬ್ಬಸ ಇರುವವರು, ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಇವರಿಗೆ ಒಗ್ಗದ ಔಷಧಗಳಿವೆ.

ಯುನಾನಿಯ ಕೆಲಸ ಎಲ್ಲಿ?

ಹಾಗಾದರೆ ನಮ್ಮ ವೈದ್ಯ ಪದ್ಧತಿಗೆ ಇಲ್ಲಿ ಸ್ಥಾನವಿಲ್ಲವೇ? ಇದೆ. ಅಪಾಯ ಕಳೆದ ಮೇಲೆ, ತಿಂಗಳುಗಟ್ಟಲೆ ರೋಗಿಯ ಜೊತೆ ನಿಲ್ಲಬೇಕಾದಲ್ಲಿ ಇದೆ. ತಲೆನೋವನ್ನು ನಾವು 'ಸುದಾ' ಎನ್ನುತ್ತೇವೆ. ಅದರ ಕಾರಣಗಳಲ್ಲಿ ಪೆಟ್ಟು ಮತ್ತು ಬೀಳುವಿಕೆಯನ್ನು ನಮ್ಮ ಗ್ರಂಥಗಳು ಬೇರೆಯಾಗಿಯೇ ಗುರುತಿಸಿವೆ. ಎಲ್ಲ ತಲೆನೋವನ್ನೂ ನಾಲ್ಕು ದೋಷಗಳ ಲೆಕ್ಕಕ್ಕೆ ಸೇರಿಸಬಾರದೆಂಬ ಪಾಠ ಅದರಲ್ಲಿದೆ. ಹೊಸತರಲ್ಲಿ ನಾನು ಮರೆತದ್ದು ಇದನ್ನೇ.

ಆರೋಗ್ಯಕ್ಕೆ ಬೇಕೇ ಬೇಕಾದ ಆರು ಸಂಗತಿಗಳನ್ನು ಯುನಾನಿ 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎಂದು ಕರೆಯುತ್ತದೆ: ಗಾಳಿ, ಅನ್ನ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹ ಹಿಡಿದಿಡುವುದು ಮತ್ತು ಹೊರಹಾಕುವುದು. ಇಂದಿನ ನರರೋಗ ತಜ್ಞರು ಮೈಗ್ರೇನ್ ರೋಗಿಗೆ ಹೇಳುವ ದಿನಚರಿಯೂ ಬಹುಮಟ್ಟಿಗೆ ಇದೇ. ದಿನವೂ ಒಂದೇ ಹೊತ್ತಿಗೆ ಮಲಗಿ ಏಳುವುದು, ಊಟ ತಪ್ಪಿಸದಿರುವುದು, ನೀರು ಕುಡಿಯುವುದು, ಮಲಬದ್ಧತೆಯಾಗದಂತೆ ನೋಡಿಕೊಳ್ಳುವುದು, ಚಹಾ ಕಾಫಿ ಮಿತಿಯಲ್ಲಿಡುವುದು.

ಚಲನೆ ಮತ್ತು ವಿಶ್ರಾಂತಿಯ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಪೆಟ್ಟಾದವನನ್ನು ತಿಂಗಳುಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದು ಪ್ರೀತಿಯಿಂದ ಮಾಡುವ ತಪ್ಪು. ಪೂರ್ಣ ವಿಶ್ರಾಂತಿ ಬೇಕಾದದ್ದು ಮೊದಲ ಒಂದೆರಡು ದಿನ ಮಾತ್ರ. ಆಗ ಮೊಬೈಲ್, ಟಿ.ವಿ. ಕಡಿಮೆ ಮಾಡಿ. ಬಳಿಕ ವೈದ್ಯರು ಒಪ್ಪಿದ ಮೇಲೆ ಸಣ್ಣ ನಡಿಗೆ ಆರಂಭಿಸಿ, ನೋವು ಬಹಳ ಹೆಚ್ಚಾಗದ ಮಿತಿಯಲ್ಲಿ ದಿನಕ್ಕಿಷ್ಟು ಏರಿಸಬೇಕು. ಕೆಲಸಕ್ಕೆ, ಶಾಲೆಗೆ, ಮದ್ರಸಕ್ಕೆ ಮೊದಲು ಅರ್ಧ ದಿನ. ಆಟ, ಏಣಿ ಹತ್ತುವ ಕೆಲಸ, ಬೈಕ್ ಇವು ಕೊನೆಗೆ. ಮೊದಲ ಪೆಟ್ಟು ಮಾಗುವ ಮೊದಲೇ ಎರಡನೆಯದು ಬಿದ್ದರೆ ಅಪಾಯ ಬಹಳ ಹೆಚ್ಚು.

ಔಷಧದ ಬಗ್ಗೆ ಪ್ರಾಮಾಣಿಕವಾಗಿ ಹೇಳುತ್ತೇನೆ. ಇತ್ರೀಫಲ್ ಉಸ್ತುಖುದ್ದೂಸ್, ಇತ್ರೀಫಲ್ ಕಿಶ್ನೀಝಿ, ಬನಫ್ಶಾ ಅಥವಾ ಬಾದಾಮಿ ಎಣ್ಣೆ ಇವನ್ನು ಹಳೆಯ ತಲೆನೋವಿಗೆ ನಾವು ಬಳಸುತ್ತೇವೆ, ಕೆಲವರಿಗೆ ಹಿತವಾಗಿದೆ. ಆದರೆ ಪೆಟ್ಟಿನ ಬಳಿಕದ ತಲೆನೋವನ್ನು ಇವು ಗುಣಪಡಿಸುತ್ತವೆ ಎಂದು ಹಣ ಪಡೆದು ಮಾತು ಕೊಡುವಷ್ಟು ಪುರಾವೆ ನಮ್ಮ ಕೈಯಲ್ಲಿಲ್ಲ. ಇವು ಸಹಾಯಕ, ಅಷ್ಟೇ. ತಜ್ಞರು ಕೊಟ್ಟ ಮಾತ್ರೆ ನಿಲ್ಲಿಸಿ ಇವನ್ನು ತಿನ್ನಬೇಡಿ. ಸಕ್ಕರೆ ಕಾಯಿಲೆಯವರು ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಿ. ಇವುಗಳಲ್ಲಿ ಜೇನು, ಸಕ್ಕರೆ ಇರುತ್ತದೆ. ಎರಡನ್ನೂ ತೆಗೆದುಕೊಳ್ಳುತ್ತಿದ್ದರೆ ಇಬ್ಬರು ವೈದ್ಯರಿಗೂ ಹೇಳಿ.

ಹಿಜಾಮಾದ ಬಗ್ಗೆ ಕೇಳುವವರು ಬಹಳ. ಪ್ರವಾದಿಯವರು(ಸ) ಅರೆತಲೆನೋವಿಗೆ ಹಿಜಾಮಾ ಮಾಡಿಸಿಕೊಂಡ ಉಲ್ಲೇಖ ಬುಖಾರಿಯಲ್ಲಿದೆ. ಅದನ್ನು ಹಿಡಿದು, ಹೊಲಿಗೆ ಬಿಚ್ಚುವ ಮೊದಲೇ ಗಾಯದ ತಲೆಯನ್ನು ಹಿಜಾಮಾ ಶಿಬಿರಕ್ಕೆ ಒಡ್ಡುವುದು ಸುನ್ನತ್ ಅಲ್ಲ, ಅಜಾಗರೂಕತೆ. ಪೆಟ್ಟು ಹೊಸತಾಗಿರುವಾಗ, ಬುರುಡೆ ಬಿರುಕು ಬಿಟ್ಟಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ, ರಕ್ತಹೀನತೆ ಇದ್ದರೆ ಬೇಡ. ಎಲ್ಲ ಮಾಗಿದ ಮೇಲೆ ಮಾಡಿಸುವುದಾದರೂ ಅರ್ಹ ವೈದ್ಯರ ಬಳಿ, ಹೊಸ ಬ್ಲೇಡ್, ಒಮ್ಮೆ ಮಾತ್ರ ಬಳಸುವ ಕಪ್ ನೋಡಿಯೇ ಮಾಡಿಸಿ.

ನಮಾಝ್ ಮತ್ತು ಉಪವಾಸ

"ಸುಜೂದ್‌ಗೆ ಬಾಗಿದರೆ ತಲೆ ಸಿಡಿಯುತ್ತದೆ, ಆದರೆ ನಮಾಝ್ ಬಿಡಲು ಮನಸ್ಸಿಲ್ಲ" ಎಂದು ಹಲವರು ಕಣ್ಣೀರು ಹಾಕುತ್ತಾರೆ. ಬಿಡಬೇಕಾಗಿಲ್ಲ. ರೋಗಿ ಕುಳಿತು, ಅದೂ ಆಗದಿದ್ದರೆ ಮಲಗಿ, ಸನ್ನೆಯಿಂದ ನಮಾಝ್ ಮಾಡಬಹುದೆಂಬ ರಿಯಾಯಿತಿ ಇರುವುದು ಇಂಥವರಿಗಾಗಿಯೇ. ಗಾಯಕ್ಕೆ ನೀರು ತಾಗಬಾರದಿದ್ದರೆ ಏನು ಮಾಡಬೇಕೆಂದು ಉಸ್ತಾದರಲ್ಲಿ ಕೇಳಿ. ಮಸೀದಿಯಲ್ಲಿ ಯುವಕನೊಬ್ಬ ಕುರ್ಚಿಯಲ್ಲಿ ನಮಾಝ್ ಮಾಡುವುದನ್ನು ಕಂಡು ಹಿಂದಿನಿಂದ ನಗುವವರಿಗೆ ಅವನ ತಲೆಯೊಳಗಿನದ್ದು ಗೊತ್ತಿಲ್ಲ.

ಹಸಿವು, ನೀರಿನ ಕೊರತೆ, ನಿದ್ದೆಗೇಡು, ತಟ್ಟನೆ ಚಹಾ ನಿಂತದ್ದು ಇವು ನಾಲ್ಕೂ ಮೈಗ್ರೇನ್ ಎಬ್ಬಿಸುವಂಥವು, ರಮಝಾನ್‌ನಲ್ಲಿ ನಾಲ್ಕೂ ಒಟ್ಟಿಗೆ ಬರುತ್ತವೆ. ಶಅಬಾನ್‌ನಲ್ಲೇ ಚಹಾ ಕಡಿಮೆ ಮಾಡುತ್ತಾ ಬನ್ನಿ, ಸಹರಿ ಬಿಡಬೇಡಿ, ಇಫ್ತಾರ್‌ನಿಂದ ಸಹರಿ ತನಕ ನೀರು ಹಂಚಿ ಕುಡಿಯಿರಿ. ತಲೆಗೆ ಪೆಟ್ಟಾದ ಮೊದಲ ವಾರಗಳಲ್ಲಿ ಉಪವಾಸ ಹಿಡಿಯಬಹುದೇ ಎಂದು ವೈದ್ಯರನ್ನು ಕೇಳಿ. ರೋಗಿಗೆ ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ಅವಕಾಶವನ್ನು ಕುರ್‌ಆನ್ ಕೊಟ್ಟಿದೆ.

ಬಾಗಿಲು ತಾಗಿತು ಎನ್ನುವ ಸಹೋದರಿಯರು

ಇನ್ನೊಂದು ಮಾತನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ತಲೆನೋವೆಂದು ಬರುವ ಹೆಂಗಸರಿಗೆ "ಎಲ್ಲಾದರೂ ಪೆಟ್ಟಾಗಿತ್ತೇ?" ಎಂದು ಕೇಳಿದಾಗ ಕೆಲವೊಮ್ಮೆ ಉತ್ತರ ಕೊಡುವುದು ಗಂಡ: "ಬಾಗಿಲು ತಾಗಿತು." ಆಗ ನಾನು ಅವರನ್ನು ಹೊರಗೆ ಕೂರಿಸಿ ಮತ್ತೊಮ್ಮೆ ಕೇಳುತ್ತೇನೆ. ಎಲ್ಲ ಬಾಗಿಲುಗಳೂ ಬಾಗಿಲುಗಳಲ್ಲ. ತಲೆಯನ್ನು ಗೋಡೆಗೆ ಗುದ್ದಿದ್ದು, ಕೆನ್ನೆಗೆ ಬಾರಿಸಿದಾಗ ನೆಲಕ್ಕೆ ಬಿದ್ದದ್ದು ಕೂಡ ತಲೆಗೆ ಬಿದ್ದ ಪೆಟ್ಟೇ. ಹಾಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿಗೆ ಯಾವ ಇತ್ರೀಫಲ್ ಕೂಡ ಮದ್ದಲ್ಲ. ಇದು ಮನೆಯ ಮರ್ಯಾದೆಯ ವಿಷಯವೆಂದು ಮುಚ್ಚಿಡುವ ಹಿರಿಯರೇ, ಒಡೆಯುತ್ತಿರುವುದು ನಿಮ್ಮ ಮಗಳ ತಲೆ. ಸಹೋದರಿಯರೇ, ವೈದ್ಯರಿಗೆ ನಿಜ ಹೇಳಿ. ಮಹಿಳಾ ಸಹಾಯವಾಣಿ 181 ಇದೆ.

ನಂಬಿಕೆಯೂ ಚಿಕಿತ್ಸೆಯ ಭಾಗ

"ನಿನಗೆ ಏನೂ ಆಗಿಲ್ಲ" ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳುವ ರೋಗಿ ಮೊದಲು ನೋವನ್ನು ಹೇಳುವುದನ್ನು ನಿಲ್ಲಿಸುತ್ತಾನೆ, ಆಮೇಲೆ ಗುಟ್ಟಾಗಿ ಮಾತ್ರೆ ತಿನ್ನುತ್ತಾನೆ, ಕೊನೆಗೆ ಬದುಕೇ ಬೇಡವೆನಿಸುತ್ತದೆ. ಅಂಥ ಮಾತು ಅವನ ಬಾಯಿಂದ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಸರಕಾರದ ಮನೋಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು. ಅದಕ್ಕಿಂತ ಮೊದಲು ಮನೆಯವರು ಮಾಡಬಹುದಾದದ್ದು ಸಣ್ಣದು: ಟಿ.ವಿ.ಯ ಸದ್ದು ತಗ್ಗಿಸಿ, ಮಕ್ಕಳನ್ನು ಒಂದು ಗಂಟೆ ಬೇರೆ ಕೋಣೆಯಲ್ಲಿ ಆಡಿಸಿ, "ಇವತ್ತು ಎಷ್ಟಿದೆ ನೋವು?" ಎಂದು ಕೇಳಿ. ಕೇಳಿ ಸುಮ್ಮನೆ ಉತ್ತರ ಆಲಿಸಿ.

ಇದೆಲ್ಲಕ್ಕಿಂತ ಅಗ್ಗದ ಔಷಧ ಹೆಲ್ಮೆಟ್. ಐ.ಎಸ್.ಐ. ಗುರುತಿರುವ, ತಲೆಯ ಅಳತೆಗೆ ಸರಿಹೊಂದುವ ಹೆಲ್ಮೆಟ್, ಪಟ್ಟಿ ಬಿಗಿದು. ಟೋಪಿಯ ಮೇಲೆ ಕೂರುವುದಿಲ್ಲ ಎಂದಾದರೆ ಟೋಪಿಯನ್ನು ಜೇಬಿನಲ್ಲಿಟ್ಟುಕೊಳ್ಳಿ, ಮಸೀದಿಯ ಬಾಗಿಲಲ್ಲಿ ಹಾಕಿಕೊಳ್ಳಿ. ಹಿಂದೆ ಕುಳಿತ ಹೆಂಡತಿಗೂ ತಲೆ ಇದೆ. ನಡುವೆ ಕುಳಿತ ಮಗುವಿಗೂ ಇದೆ; ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯವೆಂದು ಕಾನೂನು ಹೇಳುತ್ತದೆ. ಮಸೀದಿ ಕಮಿಟಿಯವರು ವುಝೂ ಮಾಡುವಲ್ಲಿ ಪಾಚಿ ಉಜ್ಜಿ ತೆಗೆಸಿ, ಒರಟು ಟೈಲ್ಸ್ ಹಾಕಿಸಿ, ಒಂದು ಹಿಡಿಕೆ ಕಂಬ ನಿಲ್ಲಿಸಿದರೆ ಎಷ್ಟೋ ಹಿರಿಯರ ತಲೆ ಉಳಿಯುತ್ತದೆ.

ಆ ಹುಡುಗನನ್ನು ನಾನು ನರರೋಗ ತಜ್ಞರ ಬಳಿಗೆ ಕಳುಹಿಸಿದೆ. ಅವರ ಸಲಹೆಯಂತೆ ನೋವಿನ ಮಾತ್ರೆ ಕಡಿಮೆ ಮಾಡುತ್ತಿದ್ದಾನೆ. ಮೊದಲ ಎರಡು ವಾರ ನೋವು ಹೆಚ್ಚೇ ಆಯಿತು, ಅದು ನಿರೀಕ್ಷಿಸಿದ್ದೇ. ಬೆಳಗ್ಗೆ ಅರ್ಧ ಗಂಟೆ ನಡೆಯುತ್ತಾನೆ. ಕಳೆದ ವಾರ ಕ್ಯಾಲೆಂಡರ್ ತಂದು ತೋರಿಸಿದ. ನೋವಿನ ಗುರುತುಗಳು ಇನ್ನೂ ಇವೆ, ನಡುವೆ ಖಾಲಿ ದಿನಗಳೂ ಇವೆ. ಗುರುತು ಹಾಕುವವರು ಈಗ ಅವನ ತಾಯಿಯೇ. ದಿನವೂ ಸಂಜೆ ಅವರೇ ಕೇಳಿ ಬರೆಯುತ್ತಾರಂತೆ. ನಿಮ್ಮ ಮನೆಯಲ್ಲೂ ಬಿದ್ದು ಎದ್ದು, ನೋವೆಂದು ಮೂಲೆಯಲ್ಲಿ ಮಲಗಿದವರಿದ್ದರೆ ಇವತ್ತು ಹೋಗಿ ಒಮ್ಮೆ ಕೇಳಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ. ಆಮೀನ್.